ಅತ್ತಿಗೆ ದಾಟುತ್ತಿದ್ದ ಮೆಟ್ಟಿಲು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಭಾನುವಾರ, ಏಪ್ರಿಲ್ ೨೦, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಸೇತುವೆ ಕಟ್ಟುವ ಕಡೆ ನಿಮಗೆಲ್ಲ ತಗಡಿನ ಶೆಡ್ಡು ಕೊಟ್ಟಿದ್ದಾರೆ, ಮಧ್ಯಾಹ್ನ ಕಾದ ಕಾವಲಿಯ ಮೇಲೆ ಕೂತ ಹಾಗಿರುತ್ತದೆ ಅಂದಿದ್ದೆ. ಒಂದು ಫ್ಯಾನಾದರೂ ಹಾಕಿಸಿದರೋ, ಇಲ್ಲ ನೀನು ಕೇಳಲೇ ಇಲ್ಲವೋ? ಕೇಳಿರಲಾರೆ. ಕನ್ನಡಕದ ಮುರಿದ ಕಡ್ಡಿಗೆ ಇನ್ನೂ ದಾರ ಸುತ್ತಿಕೊಂಡೇ ಓಡಾಡುತ್ತಿದ್ದೀಯ ಎಂದು ಪಣ ಕಟ್ಟಬಲ್ಲೆ. ನಾವಿಬ್ಬರೂ ಇಲ್ಲಿ ಆರೋಗ್ಯವಾಗಿದ್ದೇವೆ. ನಿನ್ನ ಮಗಳು ಎರಡು ಬೆರಳು ಎತ್ತರವಾಗಿದ್ದಾಳೆ, ಹಳೆಯ ಸಮವಸ್ತ್ರವೆಲ್ಲ ಮೊಣಕಾಲಿನ ಮೇಲೆ ಬಂದು ಕೂತಿದೆ. ಹುಟ್ಟಿದಾಗ ಅಷ್ಟು ಚಿಕ್ಕದಾಗಿದ್ದು ಅಷ್ಟು ಖಾರವಾಗಿ ಅತ್ತಳು ಎಂದು ನೀನೇ ಮೆಣಸು ಎಂದು ಕರೆದೆಯಲ್ಲ, ಆ ಹೆಸರು ಈಗ ಶಾಲೆಯಲ್ಲೂ ಅಂಟಿಕೊಂಡಿದೆ. ಒಂಬತ್ತು ವರ್ಷ ತುಂಬಿತು. ನೀನು ಫೋನಿನಲ್ಲಿ ಶುಭಾಶಯ ಹೇಳಿದ್ದು ಒಂದೂವರೆ ನಿಮಿಷ.

ಫೋನಿರುವಾಗ ಇವಳಿಗೆ ಕಾಗದ ಬರೆಯುವ ಚಪಲ ಯಾಕೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಅತ್ತಿಗೆಯ ಮಾತೆತ್ತಿದ ಕೂಡಲೇ ನಿನ್ನ ಸಿಗ್ನಲ್ ಹೋಗುತ್ತದೆ ಅಣ್ಣಾ. ಹತ್ತು ತಿಂಗಳಲ್ಲಿ ಹದಿನಾಲ್ಕು ಸಲ ಹೋಯಿತು, ಎಣಿಸಿದ್ದೇನೆ. ಎಂಥ ಜಾಣ ಸಿಗ್ನಲ್ಲು, ಊಟ ಆಯ್ತಾ ಶಾಲೆಗೆ ಹೋದ್ಯಾ ಎಂದು ಕೇಳುವಾಗ ಚೆನ್ನಾಗಿಯೇ ಇರುತ್ತದೆ! ಕಾಗದವನ್ನು ನೀನು ಹರಿಯಬಹುದು, ಆದರೆ ನನ್ನ ತಂಗಿ ಏನು ಬರೆದಿರಬಹುದು ಎಂದು ಆಮೇಲೆ ನಿದ್ದೆಗೆಡುತ್ತೀಯ, ಆದ್ದರಿಂದ ಹರಿಯುವುದಿಲ್ಲ. ಈಗ ಈ ಹಾಳೆಯನ್ನು ತಿರುಗಿಸಿ ನೋಡು. ಹೌದು, ಅದೇ. ಹೋದ ತಿಂಗಳು ನೀನು ತುಂಬಿ, ಪೋಷಕರ ಪರವಾಗಿ ಸಹಿ ಹಾಕು ಎಂದು ನನಗೆ ಕಳಿಸಿದ ಹಾಸ್ಟೆಲ್ಲಿನ ಅರ್ಜಿ. ನಾಲ್ಕು ಹಾಳೆ, ಹಿಂಬದಿ ಖಾಲಿ, ಕಾಗದವೂ ದಪ್ಪ, ಬರೆಯಲು ಬಹಳ ಚೆನ್ನಾಗಿದೆ. ಅದರಲ್ಲಿ ಮಗುವಿನ ಸ್ವಭಾವ ಎನ್ನುವ ಜಾಗದಲ್ಲಿ ನೀನು 'ಶಾಂತ, ಸದ್ದುಗದ್ದಲವಿಲ್ಲ' ಎಂದು ಬರೆದಿದ್ದೀಯ. ಆ ಮಾತು ನೆನಪಿಟ್ಟುಕೊಂಡಿರು. ಅದನ್ನು ನಿನಗೆ ಫೋನಿನಲ್ಲಿ ಹೇಳಿದವಳೂ ನಾನೇ, 'ಮನೇಲಿದ್ದಾಳೋ ಇಲ್ವೋ ಗೊತ್ತೇ ಆಗಲ್ಲ ಕಣೋ, ಅಷ್ಟು ಒಳ್ಳೆ ಮಗು' ಎಂದು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಹೋದ ಮೂರು ವಾರದ ಸುದ್ದಿ ಹೇಳುತ್ತೇನೆ, ಕೇಳು. ನಡುವೆ ಎದ್ದು ಹೋಗಬೇಡ. ನಮ್ಮ ಕೆಲಸವನ್ನು ನೀನು ಒಂದು ದಿನವೂ ಕೆಲಸ ಎಂದು ಒಪ್ಪಿದವನಲ್ಲ, 'ಇಬ್ಬರು ಹೆಂಗಸರು ಮುಚ್ಚಿದ ಕೋಣೇಲಿ ಕುಣಿದು ಸಂಬಳ ತರ್ತಾರೆ' ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದೆ. ಆದರೆ ಸಿನಿಮಾದಲ್ಲಿ ಬಾಗಿಲು ತೆರೆದರೆ, ಲೋಟ ಇಟ್ಟರೆ, ಯಾರಾದರೂ ನಡೆದರೆ, ಆ ಸದ್ದು ಬಹಳ ಸಲ ಚಿತ್ರೀಕರಣದ ಸದ್ದಲ್ಲ, ಆಮೇಲೆ ಪರದೆ ನೋಡುತ್ತಾ ಮೈಕಿನ ಮುಂದೆ ನಮ್ಮಂಥವರು ಮಾಡಿದ್ದು. ಹನ್ನೊಂದು ವರ್ಷ ಅತ್ತಿಗೆ ಕಾಲು, ನಾನು ಕೈ. ನಡೆಯುವುದು, ಓಡುವುದು, ಎಡವುವುದು ಎಲ್ಲ ಅವಳದು. ಬಾಗಿಲು, ಪಾತ್ರೆ, ಬಟ್ಟೆಯ ಸರಬರ ನನ್ನದು. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ಆಗುತ್ತಿತ್ತು, ಅವಳು ಬಾಗಿಲು ದಾಟಿ ಹೋದ ಮೇಲೆ ನಾನು ಚಿಲಕ ತೆಗೆಯುತ್ತಿದ್ದೆ. ಆಮೇಲೆ ಒಬ್ಬಳ ಉಸಿರು ನೋಡಿ ಇನ್ನೊಬ್ಬಳು ಕೆಲಸ ಮಾಡುವಷ್ಟು ಹೊಂದಿಕೊಂಡೆವು. ಅವಳು ಹೋದ ಮೇಲೆ ನಾನೇ ಕಾಲೂ ಆಗಬೇಕಾಯಿತು. ಮೂವತ್ತೆಂಟನೇ ವಯಸ್ಸಿನಲ್ಲಿ ನಡೆಯಲು ಕಲಿಯುತ್ತಿದ್ದೇನೆ ಎಂದರೆ ನಗು ಬರುತ್ತದೆ, ಆದರೆ ಸತ್ಯ.

ಈಗ ಒಪ್ಪಿಕೊಂಡಿರುವ ಸಿನಿಮಾ ಒಬ್ಬ ಹುಡುಗನದು. ಅಮ್ಮನನ್ನು ಕಳೆದುಕೊಂಡವನು. ಅಮ್ಮ ಹೋದ ಮೇಲೆ ಅವನಿಗೆ ತಾನು ಎಂದೂ ಕಾಣದ್ದೆಲ್ಲ ನೆನಪಿಗೆ ಬರತೊಡಗುತ್ತದೆ. ನೀಲಿ ಬಣ್ಣದ ಗೇಟು, ಕುಂಟು ನಾಯಿ, ಗೋಡೆಯಲ್ಲೊಂದು ಬಿರುಕು, ಅದರೊಳಗೆ ಬಚ್ಚಿಟ್ಟ ಬೀಗದ ಕೈ. ಎಲ್ಲ ಅವನಮ್ಮನ ಬಾಲ್ಯದ್ದು. ಕೊನೆಗೆ ಒಂದು ದಿನ ಎಂದೂ ಹೋಗದ ಊರಿಗೆ ಹೋಗಿ, ಎಂದೂ ನೋಡದ ಮನೆಯ ಬೀಗದ ಕೈಯನ್ನು ಸೀದಾ ತೆಗೆದು ಬಾಗಿಲು ತೆರೆಯುತ್ತಾನೆ. ಕೇಳಿದಾಗ ನನಗೂ ಇದೆಲ್ಲ ಕಟ್ಟುಕತೆ, ಬುರುಡೆ ಅನ್ನಿಸಿತ್ತು. ಆ ಸಿನಿಮಾದಲ್ಲಿ ಅಮ್ಮನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಹುಡುಗ ಮಧ್ಯಾಹ್ನ ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾನೆ, ಮರದ ಮೆಟ್ಟಿಲು ಹತ್ತಿ ಬರುವ ಹೆಜ್ಜೆ ಕೇಳಿಸುತ್ತದೆ, ಅವನು ನಗುತ್ತಾನೆ. ಅಷ್ಟೇ. ಅಂದರೆ ಆ ಅಮ್ಮ ಪೂರ್ತಿ ನನ್ನ ಕಾಲಿನಲ್ಲಿದ್ದಳು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ನೀನು ಹೊರಡುವಾಗ ಅವಳ ಚಪ್ಪಲಿ ಯಾರಿಗಾದರೂ ಕೊಟ್ಟುಬಿಡು ಅಂದೆ, ಕೊಟ್ಟೆ ಎಂದು ನಾನು ಹೇಳಿದೆ. ಸುಳ್ಳು. ಸ್ಟುಡಿಯೋದ ಕಪಾಟಿನಲ್ಲಿ ಅರವತ್ತು ಜೊತೆ ಚಪ್ಪಲಿ, ಬೂಟು ಇವೆ, ಅವುಗಳ ನಡುವೆ ಇಟ್ಟುಬಿಟ್ಟೆ. ಅಲ್ಲಿ ಯಾರು ಹುಡುಕುತ್ತಾರೆ? ಫೋಟೋ ಎಲ್ಲ ಟ್ರಂಕಿಗೆ ಹಾಕು ಅಂದೆ, ಹಾಕಿದೆ. 'ಅವಳ ಮುಂದೆ ಅವಳಮ್ಮನ ಸುದ್ದಿ ತೆಗೀಬೇಡ, ಮಕ್ಕಳು ಬೇಗ ಮರೀತಾರೆ' ಅಂದೆ, ಹತ್ತು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆ. ಅಣ್ಣ ಹೇಳಿದ್ದಾನೆ, ದೊಡ್ಡವನು, ಅವನ ದುಃಖ ಅವನಿಗೆ ಗೊತ್ತು ಎಂದುಕೊಂಡೆ. ನಾವಿಬ್ಬರೂ ಸೇರಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮಾಡಿದೆವು ಅಣ್ಣಾ. ನಾವು ಕಣ್ಣು ಮುಚ್ಚಿಕೊಂಡರೆ ಅವಳಿಗೆ ಕಾಣುವುದಿಲ್ಲ ಎಂದುಕೊಂಡೆವು.

ಶಾಲೆಗೆ ರಜೆ ಬಿತ್ತು. ಮಗುವನ್ನು ಎಲ್ಲಿ ಬಿಡಲಿ? ಕೆಳಗಿನ ಅಂಗಡಿಯ ದರ್ಜಿಯಮ್ಮ ನೋಡಿಕೊಳ್ಳುತ್ತೇನೆ ಅಂದಳು, ಆದರೆ ಅಲ್ಲಿ ಕತ್ತರಿ, ಸೂಜಿ, ಇಸ್ತ್ರಿಪೆಟ್ಟಿಗೆ. ಹಾಗಾಗಿ ನಿನ್ನ ಅಪ್ಪಣೆ ಮೀರಿ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಗಾಜಿನ ಆಚೆ, ರೆಕಾರ್ಡಿಂಗ್ ಮಾಡುವವನ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದೆ. ನಿನಗೆ ಅವನು ಗೊತ್ತು, ಅತ್ತಿಗೆ ಕಿವಿಯಣ್ಣ ಎಂದು ಹೆಸರಿಟ್ಟವನು, ಪಕ್ಕದ ಬೀದಿಯಲ್ಲಿ ಸೀನಿದರೂ ಕೇಳಿಸಿಕೊಂಡು ರೆಕಾರ್ಡಿಂಗ್ ನಿಲ್ಲಿಸುತ್ತಾನೆ. ನಮ್ಮ ಕೋಣೆಯಲ್ಲಿ ಮರಳಿನ ಪೆಟ್ಟಿಗೆ, ಜಲ್ಲಿಯ ಪೆಟ್ಟಿಗೆ, ಕಲ್ಲಿನ ಹಾಸು, ಮತ್ತೆ ಎಲ್ಲಿಗೂ ಹೋಗದ ಒಂದು ಮರದ ಮೆಟ್ಟಿಲು, ಐದೇ ಐದು. ಅತ್ತಿಗೆಯ ಚಪ್ಪಲಿ ಹಾಕಿಕೊಂಡು ಅದನ್ನು ನಾಲ್ಕು ದಿನ ಹತ್ತಿದೆ, ಇಳಿದೆ. ನಿರ್ದೇಶಕಿ ನನಗಿಂತ ಹತ್ತು ವರ್ಷ ಚಿಕ್ಕವಳು, ಮೆತ್ತಗಿನ ಹುಡುಗಿ, ಪ್ರತಿ ಸಲವೂ 'ಚೆನ್ನಾಗಿದೆ ಅಕ್ಕಾ, ಆದ್ರೆ ಯಾರೋ ಬಂದ ಹಾಗಿದೆ, ಅಮ್ಮ ಬಂದ ಹಾಗಿಲ್ಲ' ಅನ್ನುತ್ತಿದ್ದಳು. ಮೂರನೇ ದಿನಕ್ಕೆ ನನ್ನ ಕೋಪ ಮೂಗಿನ ತುದಿಗೆ ಬಂದಿತ್ತು. ಕಾಲಿಗೆ ಬೊಬ್ಬೆ ಬೇರೆ.

ನಾಲ್ಕನೇ ದಿನ ಗಾಜಿನ ಆಚೆಯಿಂದ ಮೆಣಸು ಬಂದು ನನ್ನ ಸೆರಗು ಜಗ್ಗಿ ಹೇಳಿದಳು, 'ಅತ್ತೆ, ಮೂರನೇದು ತುಳೀಬಾರದು.' ಯಾಕೆ ಎಂದು ಕೇಳಿದೆ. 'ಅದು ಮುರಿದಿದೆ' ಅಂದಳು. ಎಲ್ಲಿ ಮುರಿದಿದೆಯೇ, ಗಟ್ಟಿಯಾಗಿದೆಯಲ್ಲ ಅಂದೆ. 'ಎಲ್ಲಿ ಅಂತ ಗೊತ್ತಿಲ್ಲ. ಕಾಲಿಗೆ ಗೊತ್ತು' ಅಂದಳು. ಅಣ್ಣಾ, ಅದು ಎಲ್ಲಿ ಮುರಿದಿತ್ತು ಎಂದು ನಿನಗೆ ಗೊತ್ತು, ನನಗೆ ಗೊತ್ತು. ಅತ್ತಿಗೆಯ ತವರಿನಲ್ಲಿ. ಅಲ್ಲಿ ಮರದ ಮೆಟ್ಟಿಲ ಮೂರನೇ ಹಲಗೆ ಲಡ್ಡಾಗಿ ವರ್ಷಗಟ್ಟಲೆ ಯಾರೂ ರಿಪೇರಿ ಮಾಡಿಸದೆ, ಮಕ್ಕಳೆಲ್ಲ ಅದನ್ನು ದಾಟಿಯೇ ಬೆಳೆದರು. ನಮ್ಮ ಮನೆಯ ಹದಿನಾರೂ ಸಿಮೆಂಟ್ ಮೆಟ್ಟಿಲು ಗಟ್ಟಿಯಾಗಿದ್ದರೂ ಅವಳ ಕಾಲು ಮೂರನೆಯದನ್ನು ನಂಬಲೇ ಇಲ್ಲ. ಟಕ್, ಟಕ್, ಸ್ವಲ್ಪ ತಡೆದು, ಆಮೇಲೆ ಜೋರಾಗಿ ಒಂದು ಟಕ್. ಕೆಲಸ ಮುಗಿಸಿ ಅವಳು ಬರುವಾಗ ಆ ತಡೆ ಕೇಳಿಸಿದ ಕೂಡಲೇ ನೀನು ಎದ್ದು ಟೀಗೆ ನೀರಿಡುತ್ತಿದ್ದೆ. 'ನಿನ್ನ ಕಾಲಿಗೆ ಒಂದು ಎರಡು ನಾಲ್ಕು ಅಂತಲೇ ಹೇಳಿಕೊಟ್ಟಿದ್ದಾರೆ' ಎಂದು ನಾನು ಅವಳನ್ನು ಎಷ್ಟು ಸತಾಯಿಸಿದ್ದೇನೆ! ಆ ತವರುಮನೆಯನ್ನು ಕೆಡವಿದ್ದು ಮೆಣಸು ಹುಟ್ಟುವ ಎರಡು ವರ್ಷ ಮುಂಚೆ. ಇದೇನು ಮಾಯಮಂತ್ರವಲ್ಲ, ಅಮ್ಮನ ಕೈ ಹಿಡಿದು ಹತ್ತುತ್ತಾ ಹತ್ತುತ್ತಾ ಕಲಿತಿದ್ದಾಳೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಆದರೂ ಯೋಚಿಸು. ಇಲ್ಲದ ಮನೆಯ ಮುರಿದ ಹಲಗೆಯನ್ನು ಒಂಬತ್ತು ವರ್ಷದ ಮಗು ಕಾಲಿನಲ್ಲಿ ಹೊತ್ತುಕೊಂಡು ಓಡಾಡುತ್ತಿದೆ, ನಾವು ಫೋಟೋ ಟ್ರಂಕಿಗೆ ಹಾಕಿ ಮರೆಸಲು ಹೊರಟಿದ್ದೇವೆ.

ನಿರ್ದೇಶಕಿ, ಅವಳೇ ಹತ್ತಿ ತೋರಿಸಲಿ ಅಂದಳು. ಚಪ್ಪಲಿ ದೊಡ್ಡದು, ಬಟ್ಟೆಯ ಪಟ್ಟಿಯಲ್ಲಿ ಕಾಲಿಗೆ ಕಟ್ಟಿದೆ. ಮೆಣಸು ಹತ್ತಿದಳು. ಒಂದು, ಎರಡು, ನಾಲ್ಕು, ಐದು. ಕಿವಿಯಣ್ಣ ಗಾಜಿನ ಆಚೆಯಿಂದ ಕೈಯಲ್ಲಾಡಿಸಿದ, ಏನೂ ಕೇಳಿಸುತ್ತಿಲ್ಲ, ಮೈಕು ಕೆಟ್ಟಿದೆ ಅಂದ. ಕೇಬಲ್ ಬದಲಾಯಿಸಿದ. ಮತ್ತೆ ಹತ್ತಿದಳು. ಮತ್ತೆ ಏನೂ ಇಲ್ಲ. ಮೈಕನ್ನೇ ಬದಲಾಯಿಸಿದ, ಯಂತ್ರಕ್ಕೆ ನಾಲ್ಕು ಬೈದ, ಹೊಸ ಮೈಕನ್ನು ಮೆಟ್ಟಿಲಿಗೆ ಒಂದು ಗೇಣಿನಷ್ಟು ಹತ್ತಿರ ತಂದಿಟ್ಟ. ಅರ್ಧ ಗಂಟೆ ನಾವು ಮೂವರು ತಜ್ಞರು ತಂತಿ ಎಳೆದಾಡಿದೆವು ಅಣ್ಣಾ. ಕೊನೆಗೆ ಅವನೇ ಹೊರಗೆ ಬಂದು, ನೆಲದ ಮೇಲೆ ಕೂತು, ಅವಳ ಕಾಲನ್ನೇ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮೈಕು ಸರಿಯಾಗಿಯೇ ಇತ್ತು. ಮಗು ಸದ್ದೇ ಮಾಡುತ್ತಿರಲಿಲ್ಲ. ಗಟ್ಟಿ ಅಟ್ಟೆಯ ಚಪ್ಪಲಿಯಲ್ಲಿ, ಕಿರುಗುಟ್ಟುವ ಮರದ ಮೇಲೆ! ಪಾದದ ಹೊರ ಅಂಚಿನ ಮೇಲೆ ಭಾರ ಬಿಟ್ಟು, ಬೆರಳು ಮೊದಲು ಊರಿ, ಹಿಮ್ಮಡಿಯನ್ನು ಗಾಳಿಯಲ್ಲೇ ಹಿಡಿದು. ಅದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಾಳೆ. ನಮ್ಮ ಮನೆಯಲ್ಲಿ. ನನ್ನ ಮೂಗಿನ ಕೆಳಗೆ.

ಹೆಜ್ಜೆ ಕೇಳಿಯೇ ಅನ್ನ ತಿನ್ನುವವಳು ನಾನು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಎಷ್ಟು ಸಲ ಹಿಂದೆ ತಿರುಗಿದರೆ ಅವಳು ನಿಂತಿರುತ್ತಿದ್ದಳು, ನಾನು ಬೆಚ್ಚಿ 'ಅಯ್ಯೋ ಬೆಕ್ಕೇ, ಯಾವಾಗ ಬಂದೆ' ಎಂದು ನಗುತ್ತಿದ್ದೆ, ಅವಳು ಪರೀಕ್ಷೆಯಲ್ಲಿ ಗೆದ್ದವಳ ಹಾಗೆ ಮುಖ ಅರಳಿಸುತ್ತಿದ್ದಳು. ನಾನು ಹೊಗಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು ಆ ಮಗು! ಆ ದಿನ ಮೆಟ್ಟಿಲ ಮೇಲೆ ಅವಳನ್ನು ತೊಡೆಗೆ ಕೂರಿಸಿಕೊಂಡು ಯಾಕೆ ಪುಟ್ಟಾ ಎಂದು ಕೇಳಿದೆ. ಕಿವಿಯಲ್ಲಿ ಹೇಳಿದಳು. ಅದನ್ನು ಈಗ ಬರೆಯಲಾರೆ, ಅವಳು ನನ್ನ ಎದುರಿಗೇ ಕೂತು ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುತ್ತಿದ್ದಾಳೆ, ಅಡಿಗಡಿಗೆ ಈ ಕಡೆ ಇಣುಕುತ್ತಾಳೆ. ತಲೆಕೆಳಗಾಗಿ ಓದುವುದರಲ್ಲೂ ನಿಪುಣೆ.

ಅಂತೂ ಕಿವಿಯಣ್ಣ ದಪ್ಪ ಬಾಗಿಲು ಹಾಕಿದ. ಸದ್ದು ಹೊರಗೆ ಹೋಗುತ್ತದಾ ಎಂದು ಮೆಣಸು ಮೂರು ಸಲ ಕೇಳಿದಳು. 'ಇಲ್ಲಿ ಸಿಡಿಲು ಬಿದ್ರೂ ಹೊರಗೆ ಹೋಗಲ್ಲ ಕಣಮ್ಮಾ' ಎಂದು ಅವನು ಆಣೆ ಮಾಡಿದ. ಆಗ ಹತ್ತಿದಳು. ಟಕ್, ಟಕ್, ಸ್ವಲ್ಪ ತಡೆದು, ಜೋರಾಗಿ ಟಕ್. ನನ್ನ ಕಣ್ಣಿಗೆ ಪರದೆ ಕಾಣಲಿಲ್ಲ, ಏನೂ ಕಾಣಲಿಲ್ಲ. ಅತ್ತಿಗೆ ಬಂದಳು ಅಣ್ಣಾ. ಇನ್ನೇನು 'ಟೀ ಇಟ್ರಾ' ಎಂದು ಕೇಳಬೇಕು, ಅಷ್ಟು ಅವಳೇ. ನಾನು ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತೆ, ಕಿವಿಯಣ್ಣ ಎಂದೂ ಇಲ್ಲದ್ದು, ನಾನು ಅಳುವ ಸದ್ದಿಗೆ ಬೈಯಲಿಲ್ಲ. ಮೆಣಸು ಮಾತ್ರ ಅಳಲಿಲ್ಲ. ಇನ್ನೊಂದು ಸಲ ಹತ್ತಲಾ ಎಂದು ಕೇಳಿದಳು. ಒಂದಲ್ಲ, ಇಪ್ಪತ್ತು ಸಲ ಹತ್ತಿದಳು, ಹತ್ತು ತಿಂಗಳ ಸದ್ದನ್ನೆಲ್ಲ ಅಲ್ಲೇ ಖರ್ಚು ಮಾಡಿದ ಹಾಗೆ. ಮನೆಗೆ ಬಂದವಳು ನಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು, ಮತ್ತೆ ಬೆಕ್ಕಾದಳು. ಬೇಡ ಪುಟ್ಟಾ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ನಾನು ಹೇಳಿದರೆ ಆಗುವುದಿಲ್ಲವಂತೆ.

ಈಗ ನನ್ನ ತೀರ್ಮಾನ ಕೇಳು. ಚಿಕ್ಕವಳು ದೊಡ್ಡ ಮಾತಾಡುತ್ತಾಳೆ ಅನ್ನು, ಪರವಾಗಿಲ್ಲ. ಹಾಸ್ಟೆಲ್ಲಿಗೆ ನಾನು ಸಹಿ ಹಾಕುವುದಿಲ್ಲ, ತಲೆ ಮೇಲೆ ತಲೆ ಬಿದ್ದರೂ ಹಾಕುವುದಿಲ್ಲ, ಇನ್ನೊಂದು ಅರ್ಜಿ ಕಳಿಸಿದರೆ ಅದರ ಹಿಂದೆಯೂ ಕಾಗದ ಬರೆಯುತ್ತೇನೆ. ಟ್ರಂಕು ನಿನ್ನೆಯೇ ತೆರೆದೆ. ಅಡುಗೆಮನೆಯಲ್ಲಿ ಒಂದು, ಮೆಣಸಿನ ಮಂಚದ ಹತ್ತಿರ ಒಂದು ಫೋಟೋ ಹಾಕಿಯಾಗಿದೆ, ಮೊಳೆ ಹೊಡೆಯುವಾಗ ಹೆಬ್ಬೆರಳಿಗೂ ಒಂದೇಟು ಬಿತ್ತು. ಊಟ ಮಾಡುವಾಗ ದಿನಕ್ಕೊಂದು ಅತ್ತಿಗೆಯ ಕತೆ ಹೇಳುತ್ತೇನೆ. ನಿನ್ನೆ ಹೇಳಿದ್ದು, ಮದುವೆಯ ಹೊಸದರಲ್ಲಿ ಅವಳು ನಿನ್ನ ಬೂಟು ಹಾಕಿಕೊಂಡು ಪೊಲೀಸಿನವನ ಹೆಜ್ಜೆ ಮಾಡಿದ್ದಕ್ಕೆ ನೀನು ಬರಿಗಾಲಲ್ಲಿ ಕೆಲಸಕ್ಕೆ ಹೋಗಬೇಕಾಗಿ ಬಂದಿದ್ದು. ಮೆಣಸು ಬಿದ್ದು ಬಿದ್ದು ನಕ್ಕಳು.

ಇನ್ನು ಸಿನಿಮಾದ ಮಾತು. ಮಗುವಿನ ಹೆಜ್ಜೆಯನ್ನು ಬಳಸಬೇಕಾದರೆ ತಂದೆಯ ಒಪ್ಪಿಗೆಯ ಸಹಿ ಬೇಕಂತೆ, ಮೇ ಎರಡನೇ ತಾರೀಖಿನೊಳಗೆ. ಇಲ್ಲದಿದ್ದರೆ ನನ್ನದನ್ನೇ ಹಾಕುತ್ತಾರೆ, ಆ ಹುಡುಗನ ಮನೆಗೆ ಅಮ್ಮನ ಬದಲು ಯಾರೋ ಬರುತ್ತಾರೆ. ಒಪ್ಪಿಗೆ ಪತ್ರವನ್ನು ಇದರ ಜೊತೆ ಇಟ್ಟಿಲ್ಲ. ಮರೆತದ್ದಲ್ಲ. ಅಂಚೆಯಲ್ಲಿ ಕಳಿಸಿದರೆ ನೀನು ಅಂಚೆಯಲ್ಲೇ ಸಹಿ ಹಾಕಿ ಕಳಿಸುತ್ತೀಯ, ನನಗೆ ನಿನ್ನ ಹುಟ್ಟುಗುಣ ಗೊತ್ತಿಲ್ಲವಾ? ಅದು ಅತ್ತಿಗೆಯ ಚಪ್ಪಲಿಯ ಕೆಳಗೆ, ಸ್ಟುಡಿಯೋದ ಕಪಾಟಿನಲ್ಲಿದೆ. ಬಂದು ಹಾಕು. ಮೇ ಹನ್ನೊಂದರ ಭಾನುವಾರ ಸಂಜೆ ಕೆಲಸ ಮಾಡಿದವರಿಗೂ ಮನೆಯವರಿಗೂ ಸಿನಿಮಾ ತೋರಿಸುತ್ತಾರೆ, ನಾನು ಮೂರು ಸೀಟು ಹೇಳಿದ್ದೇನೆ, ನಡುವಿನದು ಮೆಣಸಿಗೆ. ನಿನ್ನ ಸೇತುವೆ ಹತ್ತು ದಿನ ನೀನಿಲ್ಲದಿದ್ದರೆ ಬೀಳುವುದಿಲ್ಲ. ಬಿದ್ದರೆ ಅದು ಮೊದಲೇ ಸರಿಯಾಗಿ ಕಟ್ಟಿದ್ದಲ್ಲ.

ನಿನ್ನ ಮೇಲೆ ಕೋಪವಿದೆ ಎಂದುಕೊಳ್ಳಬೇಡ. ಇದೆ, ಆದರೆ ಅದಕ್ಕಿಂತ ಮರುಕ ಜಾಸ್ತಿ. ಹನ್ನೊಂದೇ ದಿನದ ಜ್ವರದಲ್ಲಿ ಅವಳು ಕೈಬಿಟ್ಟು ಹೋದಾಗ ನೀನು ನಿಂತಿದ್ದ ರೀತಿ ನಾನು ಮರೆತಿಲ್ಲ. ಅಲ್ಲಿ ನಿಮಗೆಲ್ಲ ಅಡುಗೆ ಮಾಡಿ ಹಾಕುವ ಹಿರಿಯರಿಗೆ ನನ್ನ ನಮಸ್ಕಾರ ಹೇಳು, ಹೊರಡುವ ದಿನ ದಾರಿಗೆ ಏನಾದರೂ ಕಟ್ಟಿಕೊಡಲಿ. ಮೆಣಸು ತನ್ನ ನಮಸ್ಕಾರವನ್ನು ಲಕೋಟೆಯ ಮೇಲೆ ವಿಳಾಸದ ಪಕ್ಕದಲ್ಲೇ ಬರೆದಿದ್ದಾಳೆ, ಅಂಚೆಯವನೂ ಓದಲಿ. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನಿನ್ನ ದಾರಿ ನೆಟ್ಟಗಿರಲಿ, ಅದು ಮನೆಯ ಕಡೆಗಿರಲಿ.

ಇಂತಿ,
ಹಟಮಾರಿ ಎಂದು ನೀನೇ ಹೆಸರಿಟ್ಟ
ನಿನ್ನ ತಂಗಿ

ತಾ.ಕ.: ಅಂಟು ತರಲು ಅವಳನ್ನು ಕೆಳಗೆ ದರ್ಜಿಯಮ್ಮನ ಹತ್ತಿರ ಕಳಿಸಿದ್ದೇನೆ, ಬೇಗ ಬರೆಯುತ್ತೇನೆ. ನೀನು ಹೊರಡುವ ಮುಂಚಿನ ಗುರುವಾರ. ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಶಾಲೆಯಿಂದ ಅವಳು ಮೆಟ್ಟಿಲು ಹತ್ತಿದಳು, ಮೂರನೆಯದನ್ನು ದಾಟಿ. ನೀನು ಅಭ್ಯಾಸಬಲದಿಂದ ಎದ್ದು ಟೀಗೆ ನೀರಿಟ್ಟೆ. ಆಮೇಲೆ ಆ ನೀರನ್ನು ಚೆಲ್ಲಿ, 'ಇವಳು ಮೆಟ್ಟಿಲು ಹತ್ತೋ ಸದ್ದು ಕೇಳ್ತಾ ನನಗೆ ಈ ಮನೇಲಿ ಇರೋಕಾಗಲ್ಲ' ಅಂದೆ. ಕಿಟಕಿ ತೆರೆದಿತ್ತು ಅಣ್ಣಾ. ನಾಲ್ಕು ದಿನಕ್ಕೆ ನೀನು ಹೊರಟುಹೋದೆ. ಅವಳು ಕಿವಿಯಲ್ಲಿ ಹೇಳಿದ್ದು ಇಷ್ಟು: 'ನಾನು ಸದ್ದು ಮಾಡಿದ್ದಕ್ಕೇ ಅಪ್ಪ ಹೋದ. ಈಗ ನಂಗೆ ಒಂಚೂರೂ ಸದ್ದಾಗದ ಹಾಗೆ ನಡೆಯೋಕೆ ಬರತ್ತೆ. ಅಪ್ಪಂಗೆ ಹೇಳ್ತೀಯಾ ಅತ್ತೆ, ಇನ್ನು ಬರಬಹುದು ಅಂತ?' ನಾನು ಹೇಳುವುದಿಲ್ಲ. ನೀನೇ ಬಂದು, ಮೆಟ್ಟಿಲ ಕೆಳಗೆ ನಿಂತು, ಧಡಧಡ ಇಳಿದು ಬಾ ಎಂದು ನಿನ್ನ ಬಾಯಿಂದ ಕೂಗಿ ಕರೆಯಬೇಕು. ಇನ್ನೂ ಬರೆಯುವುದಿತ್ತು, ಆದರೆ ಅವಳು ಹತ್ತಿ ಬರುವುದು ನನಗೆ ಕೇಳಿಸುವುದಿಲ್ಲ, ಇಲ್ಲಿಗೇ ನಿಲ್ಲಿಸುತ್ತೇನೆ.